ಸ್ವಿಚ್ಚಿನ ಹಿಂದಿನ ಹಸಿರು ತಂತಿ

"ಲೈಟ್ ಸ್ವಿಚ್ಚಿಗೆ ಅರ್ತ್ ಯಾಕೆ ಸಾರ್? ಸಾಕೆಟ್ಟಿಗೆ ಕೊಟ್ಟರೆ ಆಯ್ತು." ವೈರಿಂಗ್ ಮಾಡಿಸಿದವರಲ್ಲಿ ಈ ಮಾತು ಕೇಳದವರು ಕಡಿಮೆ. ಅದರಲ್ಲಿ ಅರ್ಧ ನಿಜವಿದೆ. ಸ್ವಿಚ್ಚಿನ ಕೆಲಸ ಫೇಸ್ ತಂತಿಯನ್ನು ಕೂಡಿಸುವುದು, ಬಿಡಿಸುವುದು, ಅಷ್ಟೇ. ಮೈಯೆಲ್ಲ ಪ್ಲಾಸ್ಟಿಕ್, ನಮ್ಮ ಮಾಮೂಲಿ ಮಾಡ್ಯುಲರ್ ಸ್ವಿಚ್ಚಿನಲ್ಲಿ ಅರ್ತ್ ಕಟ್ಟಲು ಜಾಗವೇ ಇರುವುದಿಲ್ಲ.

ಆದರೆ ಅದು ಕೂತಿರುವ ಗೋಡೆಯೊಳಗಿನ ಡಬ್ಬಿ ಹೆಚ್ಚಿನ ಕಡೆ ಕಬ್ಬಿಣದ್ದು. ಹಳೆಯ ಸನ್‌ಮೈಕಾ ಬೋರ್ಡುಗಳಲ್ಲಂತೂ ಆ ಡಬ್ಬಿಗೆ ಇಳಿದ ಸ್ಕ್ರೂಗಳ ತಲೆ ಕೈಗೇ ಸಿಗುತ್ತದೆ. ಸ್ಕ್ರೂ ಬಿಗಿಯುವಾಗ ಫೇಸ್ ತಂತಿಯ ಸಿಪ್ಪೆ ನಜ್ಜಿದರೆ ಸಾಕು, ಡಬ್ಬಿಗೆಲ್ಲ 230 ವೋಲ್ಟ್. ದೀಪ ಎಂದಿನಂತೆಯೇ ಉರಿಯುತ್ತಿರುತ್ತದೆ, ಅನುಮಾನ ಬರುವುದೇ ಇಲ್ಲ. ಒದ್ದೆ ಕೈ ತಾಗಿದ ದಿನ ಗೊತ್ತಾಗುತ್ತದೆ. ಹಸಿರು ತಂತಿ ಬೇಕಿರುವುದು ಆ ಡಬ್ಬಿಗೆ. ಲೋಹದ ಪ್ಲೇಟು ಹಾಕಿಸಿದ್ದರೆ ಅದಕ್ಕೂ. ಡಿಮ್ಮರಿನದೂ ಇದೇ ಲೆಕ್ಕ. ಕೆಲವದರಲ್ಲಿ ಶಾಖ ಹೊರಹಾಕಲು ಲೋಹದ ತಗಡು ಇರುತ್ತದೆ, ಅರ್ತ್‌ಗೆಂದೇ ಹಸಿರು ತಂತಿಯ ಬಾಲವೂ ಇರುತ್ತದೆ. ಅದನ್ನು ಕತ್ತರಿಸಿ ಬಿಸಾಡಬಾರದು. 

ಅಂಗಳದಲ್ಲಿ ಉಪ್ಪು, ಇದ್ದಿಲು ತುಂಬಿದ ಅರ್ತ್ ಗುಂಡಿ ಇದೆಯೆಂದು ನಿಶ್ಚಿಂತರಾಗುವವರೂ ಇದ್ದಾರೆ. ಗುಂಡಿಯ ರೋಧ 5 ಓಮ್ ಎನ್ನೋಣ. ಅದೇನೂ ಕೆಟ್ಟ ಗುಂಡಿಯಲ್ಲ. 230 ವೋಲ್ಟಿಗೆ ಅದರ ಮೂಲಕ ಹರಿಯುವುದು 46 ಆಂಪಿಯರ್. 16 ಆಂಪಿಯರಿನ ಬಿ ಮಾದರಿಯ ಎಂಸಿಬಿ ಥಟ್ಟನೆ ಬೀಳಲು ಕನಿಷ್ಠ ಮೂರು ಪಟ್ಟು, ಅಂದರೆ 48 ಬೇಕು. ಅಷ್ಟರಿಂದ ತಪ್ಪಿತು! ಎಂಸಿಬಿ ಬಿಸಿಯಾಗಿ ನಿಧಾನಕ್ಕೆ ಬೀಳುವವರೆಗೂ ಡಬ್ಬಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಅದಕ್ಕೇ ಕರೆಂಟಿನ ಸೋರಿಕೆ ಕಂಡೊಡನೆ ಬೀಳುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೆನ್ನುವುದು. ಹಾಗೆಂದು ಅದಿದ್ದರೆ ಅರ್ತ್ ಬೇಡ ಎಂದಲ್ಲ. ಅರ್ತ್ ಇದ್ದರೆ ತಂತಿ ಡಬ್ಬಿಗೆ ತಾಗಿದ ಕ್ಷಣವೇ ಆರ್‌ಸಿಸಿಬಿ ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟುವವರೆಗೆ ಕಾಯುತ್ತದೆ. ಸೋರಿಕೆಗೆ ದಾರಿಯಾಗುವುದು ಅವರ ಮೈ.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಇನ್ನೊಂದು ಜಾಣತನ. ಹಸಿರು ತಂತಿ ಎಳೆಯುವ ಖರ್ಚು ಉಳಿಸಲು ಡಬ್ಬಿಯನ್ನು ಕಪ್ಪು ನ್ಯೂಟ್ರಲ್ಲಿಗೇ ಸೇರಿಸಿಬಿಡುತ್ತಾರೆ. ಎಲ್ಲೋ ನ್ಯೂಟ್ರಲ್ ಕಡಿಯಿತೆಂದರೆ, ಆನ್ ಆಗಿರುವ ಬಲ್ಬಿನ ಮೂಲಕ ಹಾದುಬಂದ ಫೇಸ್ ನೇರ ಡಬ್ಬಿಗೇ ಬರುತ್ತದೆ. ದೀಪ ಆರಿರುತ್ತದೆ. ಕರೆಂಟು ಹೋಯಿತೆಂದುಕೊಂಡು ಮನೆಯವರು ಮೊದಲು ಕೈಯಿಡುವುದು ಅದೇ ಬೋರ್ಡಿನ ಮೇಲೆ.