ವಿವಾಹಕ್ಕೆ ಮತಗಣನೆಯೆ?

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಮೇಯ್ನ್ ಪ್ರಾಂತದ ವೃತ್ತಾಂತವನ್ನು ವಾಚಕ ಮಹಾಶಯರು ಚಿತ್ತವಿಟ್ಟು ಕೇಳತಕ್ಕದ್ದು. 2009ನೆಯ ಇಸವಿಯ ಮೇ ತಿಂಗಳಲ್ಲಿ ಅಲ್ಲಿಯ ಶಾಸನಸಭೆಯು ಸಲಿಂಗ ವಿವಾಹವನ್ನು ಅಂಗೀಕರಿಸಿತು. ಗವರ್ನರರು ಅಂಕಿತ ಹಾಕಿದರು. ಕಾನೂನು ಜಾರಿಗೆ ಬರುವ ಮುನ್ನವೇ ವಿರೋಧಿಗಳು ಅದನ್ನು ಸಾರ್ವಜನಿಕ ಮತದಾನಕ್ಕೆ ಎಳೆತಂದರು. ನವೆಂಬರಿನಲ್ಲಿ ನೂರಕ್ಕೆ ಸುಮಾರು 53 ಮಂದಿ ಬೇಡವೆಂದರು, ಕಾನೂನು ರದ್ದಾಯಿತು. 2012ರ ನವೆಂಬರಿನಲ್ಲಿ ಅದೇ ಪ್ರಾಂತದ ಜನರೇ ಆಗಲಿ ಎಂದರು!

ಮೂರು ವರ್ಷಗಳಲ್ಲಿ ನ್ಯಾಯವು ಬದಲಾಯಿತೆ? ಎಣಿಕೆ ಬದಲಾಯಿತು, ಅಷ್ಟೆ. ಆ ನಡುವೆ ಜೊತೆಗೂಡಿ ಬಾಳಿದ ಇಬ್ಬರಲ್ಲಿ ಒಬ್ಬರು ಕಾಲವಾಗಿದ್ದರೆ, ಉಳಿದವರಿಗೆ ಆ ಜಯದಿಂದ ಬಂದ ಭಾಗ್ಯವೇನು?

ಪ್ರಜೆಯೇ ಪ್ರಭುವಲ್ಲವೆ ಎಂದು ಕೆಲವರು ಗದರಿಸುವರು. ರಸ್ತೆಗಾಗಿ ತೆರಿಗೆ ಹಾಕಬೇಕೆ ಎಂದು ಜನರನ್ನು ಕೇಳಿರಿ. ಆಗಲಿ ಎಂದವನೂ ತೆರಲೇಬೇಕು. ಇಲ್ಲಿಯಾದರೋ ಬೇಡವೆಂದವನ ಸಂಸಾರಕ್ಕೆ ಕೂದಲೆಳೆಯಷ್ಟೂ ಕೊಂಕಿಲ್ಲ, ನಷ್ಟವೆಲ್ಲ ಅನ್ಯರದು.

ನಮ್ಮ ಸ್ಮೃತಿಕಾರರು ಹೇಳಿದ ಎಂಟು ಬಗೆಯ ವಿವಾಹಗಳಲ್ಲಿ ಇದು ಇಲ್ಲವೆಂಬುದನ್ನು ನಾನು ಬಲ್ಲೆ; ಪಾಠಶಾಲೆಯಲ್ಲಿ ಅವನ್ನು ಉರುಹೊಡೆದವನು. ಆದರೆ ಗಾಂಧರ್ವಕ್ಕೆ ವಧೂವರರ ಪರಸ್ಪರ ಇಚ್ಛೆಯೇ ಸಾಕೆಂದರಲ್ಲದೆ, ಕೇರಿಯವರ ಕೈಗಳನ್ನು ಎಣಿಸಿರೆಂದು ಅವರು ಯಾವ ಬಗೆಗೂ ವಿಧಿಸಲಿಲ್ಲ.

2012ರ ಫಲವನ್ನು ಕೊಂಡಾಡುವ ಮಿತ್ರರೊಡನೆಯೂ ನನಗೆ ಜಗಳವುಂಟು. ಎಣಿಸಿ ಕೊಟ್ಟದ್ದನ್ನು ಎಣಿಸಿಯೇ ಕಸಿದುಕೊಳ್ಳಬಹುದಷ್ಟೆ? ಮೂಲಭೂತ ಹಕ್ಕುಗಳನ್ನು ಮತದಾನಕ್ಕೆ ಒಡ್ಡಲಾಗದೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 1943ರಲ್ಲಿಯೇ ಹೇಳಿತ್ತು. ಆ ಮಾತನ್ನೇ ಸ್ಮರಿಸಿ, ಸಲಿಂಗ ವಿವಾಹವನ್ನು ದೇಶದಾದ್ಯಂತ ಮಾನ್ಯಮಾಡಿದ್ದು 2015ರ ಜೂನ್ 26ರಂದು. ಮೇಯ್ನಿನಲ್ಲಿ ಕಾದು ಕುಳಿತಿದ್ದವರ ಪಾಲಿಗೆ ಅದು ಆರು ವರ್ಷ ತಡವಾಗಿ ಬಂದ ತೀರ್ಪು.