ಲಾಕಪ್ಪಿನ ಲೆಕ್ಕ ಕೇಳುವವರು ಯಾರು?

ಪೊಲೀಸರ ವಶದಲ್ಲಿರುವವರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ನಮ್ಮ ಶಾಸಕರು ನ್ಯಾಯಾಲಯಕ್ಕೆ ಬಿಟ್ಟು ಕೈತೊಳೆದುಕೊಂಡಿದ್ದಾರೆ. ಇದು ತಪ್ಪು. ಪೊಲೀಸ್, ಕಾರಾಗೃಹ ಎರಡೂ ಸಂವಿಧಾನದ ರಾಜ್ಯ ಪಟ್ಟಿಯಲ್ಲಿವೆ. ಶಿಕಾರಿಪುರದ ಠಾಣೆಯಲ್ಲೋ ಸೊರಬದ ಠಾಣೆಯಲ್ಲೋ ರಾತ್ರಿ ಕೂರಿಸಿಕೊಂಡವನ ಬೆನ್ನ ಮೇಲೆ ಬಾಸುಂಡೆ ಎದ್ದರೆ ಉತ್ತರ ಹೇಳಬೇಕಾದವರು ಗೃಹ ಸಚಿವರು, ಕೇಳಬೇಕಾದದ್ದು ವಿಧಾನಸಭೆ.

ಸರ್ಕಾರದ ಮೇಲೆ ಸದನಕ್ಕೆ ಹಿಡಿತವಿಲ್ಲದಿದ್ದರೆ ಏನಾಗುತ್ತದೆಂದು ಈ ಸೀಮೆಗೆ ಗೊತ್ತು. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತನ್ನದೇ ಸರ್ಕಾರ ಘೋಷಿಸಿಕೊಂಡಿತು. ಘರ್ಷಣೆಯಲ್ಲಿ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರೂ ಸತ್ತರು. ಪಡೆ ಊರಿಗೆ ನುಗ್ಗಿತು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಗಲ್ಲಿಗೇರಿದರು. ಈ ಸೀಮೆ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆಯಿತ್ತು ನಿಜ. ಆದರೆ ಸರ್ಕಾರ ನಡೆಸುತ್ತಿದ್ದ ದಿವಾನರನ್ನು ಕೆಳಗಿಳಿಸುವ ಅಧಿಕಾರ ಅದಕ್ಕಿರಲಿಲ್ಲ.

ಅಧಿಕಾರವಿದ್ದ ಸದನವೂ ಬಾಯಿ ಮುಚ್ಚಿಕೊಂಡದ್ದುಂಟು. ತುರ್ತು ಪರಿಸ್ಥಿತಿ ಹೇರಿದ ಮೇಲೆ, 1975ರ ಜುಲೈ ಅಧಿವೇಶನದಲ್ಲಿ ಸಂಸತ್ತು ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿತು. ಆಂತರಿಕ ಭದ್ರತೆಯ ಮೀಸಾ ಕಾಯ್ದೆಯಡಿ ಹಿಡಿದವರಿಗೆ ಕಾರಣ ಹೇಳಬೇಕಿಲ್ಲ ಎಂಬ ತಿದ್ದುಪಡಿಗೂ ಒಪ್ಪಿಗೆ ಕೊಟ್ಟಿತು. ಆ ತುರ್ತು ಪರಿಸ್ಥಿತಿಯಲ್ಲಿ ಶಿಕಾರಿಪುರದ ಯಡಿಯೂರಪ್ಪ ಶಿವಮೊಗ್ಗ, ಬಳ್ಳಾರಿ ಜೈಲುಗಳಲ್ಲಿದ್ದರು. ಬೆಂಗಳೂರು ಜೈಲಿನಲ್ಲಿ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅಸ್ತಮಾದಿಂದ ನರಳಿದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಶಾಸಕರು ಈ ವಿಷಯ ಎತ್ತದಿರಲು ನನಗೆ ಕಾಣುವ ದೊಡ್ಡ ಕಾರಣ ಮತದ್ದು. ಪ್ರಜಾಪ್ರತಿನಿಧಿ ಕಾಯ್ದೆಯ 62(5)ನೇ ಕಲಮಿನಂತೆ ಜೈಲಿನಲ್ಲೋ ಪೊಲೀಸ್ ವಶದಲ್ಲೋ ಇರುವವರು ಮತ ಹಾಕುವಂತಿಲ್ಲ. ಮುಂಜಾಗ್ರತಾ ಬಂಧನದಲ್ಲಿರುವವರಿಗೆ ಮಾತ್ರ ವಿನಾಯಿತಿ. ಅಪರಾಧ ಸಾಬೀತಾಗದ ವಿಚಾರಣಾಧೀನ ಕೈದಿಗೂ ಮತವಿಲ್ಲ. ಅದೇ ಕೈದಿ ಚುನಾವಣೆಗೆ ನಿಲ್ಲಬಹುದು! 2013ರ ತಿದ್ದುಪಡಿ ಅದಕ್ಕೆ ದಾರಿ ಮಾಡಿಕೊಟ್ಟಿತು. ಒಳಗಿರುವ ನಾಯಕನ ಹಕ್ಕಿಗೆ ಸಂಸತ್ತು ತಕ್ಷಣ ಓಗೊಟ್ಟಿತು, ಒಳಗಿರುವ ಕೂಲಿಯವನ ಹಕ್ಕಿಗೆ ಇವತ್ತಿಗೂ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ನ್ಯಾಯಾಲಯವಿದೆಯಲ್ಲ ಎನ್ನಬಹುದು. ಇದೆ. 1996ರ ಡಿ.ಕೆ. ಬಸು ತೀರ್ಪು ಬಂಧಿತರಿಗೆ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕೆಂದಿತು. 2020ರಲ್ಲಿ ಸುಪ್ರೀಂ ಕೋರ್ಟ್ ಲಾಕಪ್ಪು ಸಹಿತ ಇಡೀ ಠಾಣೆಗೆ ಕ್ಯಾಮೆರಾ ಹಾಕಿಸಿ ಎಂದಿತು. ಆದರೆ ತಾಲ್ಲೂಕು ಆಸ್ಪತ್ರೆಯ ಕೋಣೆಯಲ್ಲಿ, ಹಿಡಿದು ತಂದ ಪೇದೆ ಪಕ್ಕದಲ್ಲೇ ನಿಂತಿರುವಾಗ, ಡಾಕ್ಟರು “ಎಲ್ಲಾದ್ರೂ ನೋವಿದೆಯಾ?” ಎಂದರೆ ಬಂಧಿತ ಏನೆಂದಾನು? “ಇಲ್ಲ ಸಾರ್” ಎಂದಾನು. ಪೇದೆ ಬಾಗಿಲಾಚೆ ನಿಲ್ಲಬೇಕು ಎಂಬ ನಿಯಮ, ಇನ್ನೊಬ್ಬ ವೈದ್ಯರ ಹುದ್ದೆ, ಕ್ಯಾಮೆರಾಕ್ಕೆ ಹಣ, ಇವೆಲ್ಲ ಸರ್ಕಾರದ ನೀತಿಗೂ ಬಜೆಟ್ಟಿಗೂ ಸೇರಿದ್ದು. ತೀರ್ಪು ಬರುವುದು ಯಾರಾದರೂ ದೂರು ಕೊಟ್ಟ ಮೇಲೆ. ಸದನ ದೂರಿಗಾಗಿ ಕಾಯಬೇಕಿಲ್ಲ.

ದಾರಿಗಳು ಈಗಲೂ ಇವೆ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಂತೆ ರಾಜ್ಯ ಆಯೋಗದ ವಾರ್ಷಿಕ ವರದಿಯನ್ನು, ಸರ್ಕಾರ ಕೈಗೊಂಡ ಕ್ರಮದ ವಿವರದೊಂದಿಗೆ, ವಿಧಾನಮಂಡಲದ ಮುಂದಿಡಬೇಕು. ಮಂಡಿಸಿದರೆ ಸಾಲದು, ಅದರ ಮೇಲೆ ಒಂದು ದಿನ ಚರ್ಚೆಯಾಗಬೇಕು. ಸಂಸತ್ತಿನಲ್ಲಿ 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ. ಗೃಹ ಇಲಾಖೆಗೆ ಅಂಥದ್ದೊಂದು ಬೆಂಗಳೂರಿನಲ್ಲೂ ಬೇಕು, ಅದಕ್ಕೆ ಹೇಳದೆ ಕೇಳದೆ ಠಾಣೆಗೆ ಹೋಗಿ ನೋಡುವ ಅಧಿಕಾರವಿರಬೇಕು. ಚಿತ್ರಹಿಂಸೆ ತಡೆ ಮಸೂದೆ 2010ರಲ್ಲಿ ಲೋಕಸಭೆಯಲ್ಲಿ ಪಾಸಾಗಿ, ರಾಜ್ಯಸಭೆ ದಾಟದೆ ಬಿದ್ದುಹೋಯಿತು. ಅದಕ್ಕಾಗಿ ದೆಹಲಿಯತ್ತ ನೋಡುತ್ತ ಕೂರಬೇಕಿಲ್ಲ. ಸೊರಬ ಬಂಗಾರಪ್ಪನವರನ್ನು, ಶಿಕಾರಿಪುರ ಯಡಿಯೂರಪ್ಪನವರನ್ನು ಮುಖ್ಯಮಂತ್ರಿ ಗಾದಿಗೆ ಕಳಿಸಿದ ಕ್ಷೇತ್ರಗಳು. ಇಲ್ಲಿಂದ ಆರಿಸಿ ಹೋದವರು ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು ಹಾಕಲಿ: ನಮ್ಮ ತಾಲ್ಲೂಕಿನ ಠಾಣೆಗಳಲ್ಲಿ ಎಷ್ಟು ಕ್ಯಾಮೆರಾ ಕೆಲಸ ಮಾಡುತ್ತಿವೆ, ಚಿತ್ರೀಕರಣವನ್ನು ಎಷ್ಟು ತಿಂಗಳು ಇಟ್ಟುಕೊಳ್ಳುತ್ತೀರಿ, ಅದನ್ನು ನೋಡುವವರು ಯಾರು?