ಹಿಟ್ಟಿನ ಕೋಳಿ ಕೂಗಿದ ಹೊತ್ತು

ಪರದೆಯ ಮೇಲಿನ ಪ್ರಾಣಿಗೆ ನೋವಿಲ್ಲ. ಆದರೆ ‘ಕಾದಾಡುವುದೆಂದರೆ ಅದಕ್ಕೇ ಇಷ್ಟ’ ಎಂಬ ಸಮಜಾಯಿಷಿ ಪರದೆಯಾಚೆಗೂ ಬದುಕಿದೆ

ಕಳೆದ ಬೇಸಿಗೆ ರಜೆಯಲ್ಲಿ ತಂಗಿಯ ಮಗ ನಮ್ಮ ಮನೆಯಲ್ಲಿದ್ದ. ಹತ್ತು ವರ್ಷದ ಹುಡುಗ. ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕೂತು ಪೋಕೆಮಾನ್ ವಿಡಿಯೊ ಗೇಮ್ ಆಡುತ್ತಿದ್ದ. ಪುಟ್ಟ ಪರದೆಯಲ್ಲಿ ಮೊಟ್ಟೆಯೊಂದು ಒಡೆಯುತ್ತದೆ, ದುಂಡು ಕಣ್ಣಿನ ಮರಿ ಹೊರಬಂದು ಪಿಳಿಪಿಳಿ ನೋಡುತ್ತದೆ. ಇವನು ಅದರ ಮುಖವನ್ನೂ ನೋಡದೆ ಪಟ್ಟನೆ ಇನ್ನೊಂದು ಪುಟ ತೆರೆಯುತ್ತಾನೆ. ಅಲ್ಲಿ ದಾಳಿ, ರಕ್ಷಣೆ, ವೇಗ ಮುಂತಾದ ಆರು ಗುಣಗಳ ಪಟ್ಟಿ. ತನಗೆ ಬೇಕಾದ ಕಡೆಯೆಲ್ಲ ‘ಬೆಸ್ಟ್’ ಎಂದು ಬಂದಿಲ್ಲವಾದರೆ ಮರಿಯನ್ನು ಬಿಟ್ಟುಬಿಡುತ್ತಾನೆ. ಮತ್ತೊಂದು ಮೊಟ್ಟೆ, ಮತ್ತೊಂದು ಮರಿ. ಮಧ್ಯಾಹ್ನದ ಊಟದ ಹೊತ್ತಿಗೆ ಹೀಗೆ ಹೋದವು ಮೂವತ್ತಕ್ಕೂ ಹೆಚ್ಚು. ‘ಯಾಕೋ ಪುಟ್ಟ, ಚೆನ್ನಾಗೇ ಇತ್ತಲ್ಲ ಅದು?’ ಎಂದೆ. ‘ವೇಸ್ಟು ಮಾಮ, ಸ್ಪೀಡ್ ಕಮ್ಮಿ’ ಎಂದ, ಕಣ್ಣೆತ್ತದೆ.

ಅವನು ಕ್ರೂರಿಯಲ್ಲ. ಬೀದಿನಾಯಿಗೆ ಬಿಸ್ಕತ್ತು ಹಾಕದೆ ಅಂಗಡಿಯಿಂದ ಮನೆಗೆ ಬರದ ಹುಡುಗ. ಹಾಗಾಗಿಯೇ ಆ ‘ವೇಸ್ಟು’ ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಇಲ್ಲದ ಪ್ರಾಣಿಗಳನ್ನು ಹಿಡಿದು, ಪಳಗಿಸಿ, ಕಾದಾಡಿಸಿ ಖುಷಿಪಡುವುದರಲ್ಲಿ ಸರಿ ತಪ್ಪಿನ ಪ್ರಶ್ನೆ ಏನಾದರೂ ಇದೆಯೇ? ಇದ್ದರೆ ಅದು ಎಲ್ಲಿದೆ?

ಈ ಆಟ ಹುಟ್ಟಿದ್ದು ಪ್ರಾಣಿಪ್ರೀತಿಯಿಂದ ಎಂಬುದನ್ನು ಮೊದಲು ನೆನೆಯಬೇಕು. ಪೋಕೆಮಾನ್ ರೂಪಿಸಿದ ಸತೋಶಿ ತಾಜಿರಿ ಬೆಳೆದದ್ದು ಟೋಕಿಯೊ ಹೊರವಲಯದ ಮಾಚಿದಾದಲ್ಲಿ. ಬಾಲ್ಯದಲ್ಲಿ ಹುಳ ಹಿಡಿಯುವ ಹುಚ್ಚು. ಗೆಳೆಯರು ‘ಹುಳಗಳ ಡಾಕ್ಟರ್’ ಎಂದೇ ಕರೆಯುತ್ತಿದ್ದರು. ಹುಳಗಳಿದ್ದ ಕೊಳ, ಕುರುಚಲು ಕಾಡು, ಗದ್ದೆಗಳ ಮೇಲೆ ಊರು ಬೆಳೆಯುತ್ತ ಹೋಯಿತು. ಮುಂದೆ ಎರಡು ಗೇಮ್‌ಬಾಯ್ ಯಂತ್ರಗಳನ್ನು ಬೆಸೆಯುವ ತಂತಿಯನ್ನು ಕಂಡಾಗ, ಅದರ ಮೇಲೆ ಹುಳವೊಂದು ಆಚೆಯಿಂದ ಈಚೆಗೆ ತೆವಳಿ ಬಂದಂತೆ ಅವರಿಗೆ ಹೊಳೆಯಿತಂತೆ. 1996ರ ಫೆಬ್ರುವರಿ 27ರಂದು ಜಪಾನಿನಲ್ಲಿ ಬಿಡುಗಡೆಯಾದ ಆಟದ ಬೀಜ ಅದು. ಅಂದರೆ ಮೊದಲು ಮೂಡಿದ್ದು ಕಾದಾಟದ ಕಲ್ಪನೆಯಲ್ಲ, ಕೊಡುಕೊಳ್ಳುವ ಕಲ್ಪನೆ. ಆದರೆ ಬೇಸಿಗೆಯಲ್ಲಿ ಕೊಂಬಿನ ಜೀರುಂಡೆಗಳನ್ನು ಹಿಡಿದು ಎದುರುಬದುರು ಬಿಡುವುದೂ ಜಪಾನಿನ ಹುಡುಗರ ಹಳೆಯ ಆಟವೇ. ಹಿಡಿಯುವ ಪ್ರೀತಿ, ಕಾದಾಡಿಸುವ ಖುಷಿ ಎರಡೂ ಒಂದೇ ಡಬ್ಬಿಯಲ್ಲಿದ್ದವು.

ಈ ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಆಟ ಒಂದು ಲೋಕವನ್ನೇ ಕಟ್ಟಿತು. ಅಲ್ಲಿ ಸೋತ ಪ್ರಾಣಿ ಸಾಯುವುದಿಲ್ಲ, ಸುಸ್ತಾಗಿ ಬೀಳುತ್ತದೆ. ಊರಿಗೊಂದು ಚಿಕಿತ್ಸಾ ಕೇಂದ್ರ. ಅಲ್ಲಿ ಕ್ಷಣದಲ್ಲಿ, ಒಂದು ಕಾಸೂ ಇಲ್ಲದೆ, ಎಲ್ಲ ವಾಸಿ. ರಕ್ತವಿಲ್ಲ, ಮುರಿದ ಮೂಳೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿನ ಪ್ರಾಣಿಗಳಿಗೆ ಕಾದಾಡುವುದೆಂದರೆ ಇಷ್ಟ. ಯಜಮಾನನ ಮೇಲಿನ ಅಕ್ಕರೆಯಿಂದಲೇ ಅವು ಕಣಕ್ಕಿಳಿಯುತ್ತವೆ. 2012ರಲ್ಲಿ ಪ್ರಾಣಿಹಕ್ಕು ಸಂಘಟನೆ ಪೆಟಾ, ಪೋಕೆಮಾನ್ ಪ್ರಾಣಿಗಳಲ್ಲೊಂದಾದ ಪಿಕಾಚುವನ್ನು ಗಾಯಗೊಂಡಂತೆ ತೋರಿಸಿ ಅಣಕು ಆಟವೊಂದನ್ನು ಹೊರತಂದಾಗ ಅಭಿಮಾನಿಗಳು ಕೊಟ್ಟ ಉತ್ತರವೂ ಇದೇ: ಇದು ಕಲ್ಪನೆ, ಇಲ್ಲಿ ಯಾರಿಗೂ ನೋವಿಲ್ಲ.

ಆ ಉತ್ತರ ಸರಿ. ಪಿಕಾಚುವಿಗೆ ನರವಿಲ್ಲ, ನೋವಿಲ್ಲ. ಚದುರಂಗದಲ್ಲಿ ಆನೆ ಬಿದ್ದರೆ ಯಾರೂ ಮರುಗುವುದಿಲ್ಲ. ಕಲ್ಪನೆಯ ಹಿಂಸೆಯನ್ನೆಲ್ಲ ಅಪರಾಧ ಎನ್ನುತ್ತ ಹೋದರೆ ಮಹಾಭಾರತವನ್ನು ಮಕ್ಕಳಿಗೆ ಹೇಳುವಂತಿಲ್ಲ, ಯಕ್ಷಗಾನದ ಯುದ್ಧದ ಪದಕ್ಕೆ ಚೆಂಡೆ ಬಾರಿಸುವಂತಿಲ್ಲ. ಈ ಆಟವಾಡಿದ ಮಕ್ಕಳು ನಾಳೆ ನಾಯಿಗೆ ಕಲ್ಲು ಹೊಡೆಯುತ್ತಾರೆ ಎಂಬ ಭಯವೂ ಕಣ್ಣೆದುರಿನ ಅನುಭವಕ್ಕೆ ಹೊಂದುವುದಿಲ್ಲ. ಇದನ್ನಾಡಿ ಬೆಳೆದ ಒಂದು ಇಡೀ ತಲೆಮಾರು ಈಗ ತಾಯಿ ತಂದೆಯರಾಗಿದೆ.

ಆದರೆ ಚದುರಂಗಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಚದುರಂಗದ ಆನೆ ನಮ್ಮ ಪ್ರೀತಿಯನ್ನು ಕೇಳುವುದಿಲ್ಲ. ಪೋಕೆಮಾನ್ ಕೇಳುತ್ತದೆ. ಹೆಸರಿಡು ಎನ್ನುತ್ತದೆ, ತಲೆ ಸವರು ಎನ್ನುತ್ತದೆ, ತಿನ್ನಿಸು ಎನ್ನುತ್ತದೆ. ಅಷ್ಟೇ ಅಲ್ಲ, ಆ ಪ್ರೀತಿಯನ್ನು ಒಳಗೊಳಗೇ ಅಂಕಿಯಾಗಿ ಎಣಿಸುತ್ತದೆ. 1999ರ ಗೋಲ್ಡ್ ಮತ್ತು ಸಿಲ್ವರ್ ಆವೃತ್ತಿಗಳಲ್ಲಿ ‘ರಿಟರ್ನ್’ ಎಂಬ ಪಟ್ಟು ಬಂತು. ಪ್ರಾಣಿಗೆ ನಮ್ಮ ಮೇಲೆ ಎಷ್ಟು ಪ್ರೀತಿಯೋ ಅದರ ಹೊಡೆತಕ್ಕೆ ಅಷ್ಟು ಬಲ. ಅಕ್ಕರೆಯೇ ಇಲ್ಲಿ ಆಯುಧದ ಹರಿತ. ಮನಸ್ಸನ್ನು ಒಳಗೆ ಕರೆದ ಮೇಲೆ, ‘ಇಲ್ಲಿ ಮನಸ್ಸಿಗೇನು ಕೆಲಸ, ಇದು ಬರೀ ಆಟ’ ಎಂದು ಬಾಗಿಲು ಹಾಕಲು ಬರುವುದಿಲ್ಲ.

ಹಾಗಾದರೆ ಈ ಆಟ ಮನಸ್ಸಿಗೆ ಕಲಿಸುವುದೇನು? ಹೊಡೆಯುವುದನ್ನಲ್ಲ. ಹೊಡೆದಾಡಿಸುವವನಿಗೆ ಬೇಕಾದ ಸಮಜಾಯಿಷಿಯನ್ನು.

ಅದು ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ಪಟ್ಟಿಯೇ ಇದೆ. ಕೋಳಿ, ಲಾವುಗೆ ಹಕ್ಕಿ, ಟಗರು, ಕೋಣಗಳ ಕಾಳಗಗಳೂ ಅದರಲ್ಲಿವೆ. ತುಳುನಾಡಿನ ಕೋಳಿ ಅಂಕ ಇಂದಿಗೂ ನಿಂತಿಲ್ಲ. ಯಾವ ದಿನ, ಯಾವ ಹೊತ್ತಿಗೆ, ಯಾವ ಬಣ್ಣದ ಹುಂಜ ಯಾವುದನ್ನು ಗೆಲ್ಲುತ್ತದೆ ಎಂದು ಹೇಳುವ ಕುಕ್ಕುಟ ಪಂಚಾಂಗವೂ ಉಂಟು. ನೀರು ಬೆಂಕಿಯನ್ನು, ಬೆಂಕಿ ಹುಲ್ಲನ್ನು, ಹುಲ್ಲು ನೀರನ್ನು ಗೆಲ್ಲುತ್ತದೆ ಎಂಬ ಪೋಕೆಮಾನ್ ಕೋಷ್ಟಕವನ್ನು ನನ್ನ ಸೋದರಳಿಯ ಬಾಯಿಪಾಠ ಒಪ್ಪಿಸಿದಾಗ ನನಗೆ ನೆನಪಾದದ್ದು ಆ ಪಂಚಾಂಗ.

ಬಹಳ ವರ್ಷಗಳ ಹಿಂದೆ ಕರಾವಳಿಯ ಒಂದು ಹಳ್ಳಿಯಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ ಅಂಕ ನೋಡಿದ್ದೇನೆ. ಒಬ್ಬಾತ ತನ್ನ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದ. ಅದರ ಕುತ್ತಿಗೆ ನೀವುತ್ತ, ಬಾಯಿಗೆ ನೀರು ಬಿಡುತ್ತ, ಕಿವಿಯಲ್ಲಿ ಹೇಳುವಂತೆ ಏನನ್ನೋ ಪಿಸುಗುಟ್ಟುತ್ತಿದ್ದ. ಅಷ್ಟೊಂದು ಮೃದುವಾದ ಕೈ. ಅದೇ ಕೈ ಮರುಗಳಿಗೆಯಲ್ಲಿ ಹುಂಜದ ಕಾಲಿಗೆ ಸಣ್ಣ ಕತ್ತಿಯನ್ನು ದಾರದಿಂದ ಸುತ್ತಿ ಸುತ್ತಿ ಬಿಗಿಯಿತು. ಆಟ ಮುಗಿಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಸೋತ ಹಕ್ಕಿ ರೆಕ್ಕೆ ಬಡಿಯುತ್ತಲೇ ಗೆದ್ದವನ ಪಾಲಾಯಿತು; ಸಂಜೆಗೆ ಅದು ಸಾರು. ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದೆ. ‘ನಾವೇನೂ ಒತ್ತಾಯ ಮಾಡುವುದಿಲ್ಲ ಮಾರಾಯ್ರೆ, ಹುಂಜಕ್ಕೆ ಜಗಳ ಅಂದ್ರೆ ಇಷ್ಟ’ ಎಂದರು.

ಹುಂಜಗಳು ತಮ್ಮತಮ್ಮಲ್ಲೇ ಜಗಳವಾಡುತ್ತವೆ, ನಿಜ. ಆದರೆ ಹಿತ್ತಲಿನಲ್ಲಿ ಸೋತ ಹುಂಜಕ್ಕೆ ಓಡಿಹೋಗಲು ಜಾಗವಿರುತ್ತದೆ, ಗೆದ್ದದ್ದರ ಕಾಲಿಗೆ ಕತ್ತಿ ಇರುವುದಿಲ್ಲ. ಅದರ ಸ್ವಭಾವವನ್ನು ಒಪ್ಪಿಗೆ ಎಂದು ಬರೆದುಕೊಂಡವರು ನಾವು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದನ್ನೂ ಅದಕ್ಕೆ ಕಣ ಒದಗಿಸುವುದನ್ನೂ ಅಪರಾಧ ಎಂದಿರುವುದು ಈ ಕಾರಣಕ್ಕೇ. 2014ರಲ್ಲಿ ಜಲ್ಲಿಕಟ್ಟನ್ನು ತಡೆದ ಸುಪ್ರೀಂ ಕೋರ್ಟ್, 2023ರ ಮೇ 18ರಂದು ಕಂಬಳ, ಜಲ್ಲಿಕಟ್ಟುಗಳಿಗೆ ಅವಕಾಶ ನೀಡಿದ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಕೋಣಗಳ ಓಟ, ಹೋರಿ ಹಿಡಿಯುವ ಆಟ ಬೇರೆ; ಪ್ರಾಣಿಗಳ ಕಾದಾಟ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ಆದರೆ ಆ ಒಂಬತ್ತು ವರ್ಷಗಳ ಬೀದಿ ಚರ್ಚೆಯಲ್ಲಿ ಪರಂಪರೆಯ ಜೊತೆಜೊತೆಗೇ ಕೇಳಿಬಂದ ವಾದವೂ ಇದೇ: ಪ್ರಾಣಿಗೂ ಇದು ಇಷ್ಟ, ನಾವು ಅದನ್ನು ಮಕ್ಕಳಂತೆ ಸಾಕುತ್ತೇವೆ.

ಪೋಕೆಮಾನ್ ಲೋಕದಲ್ಲಿ ಈ ಮಾತು ಸತ್ಯ, ಏಕೆಂದರೆ ಬರೆದವರು ಅದನ್ನು ಸತ್ಯವೆಂದೇ ಬರೆದಿದ್ದಾರೆ. ನಮ್ಮ ಲೋಕದಲ್ಲಿ ಹಾಗೆ ಬರೆದುಕೊಟ್ಟವರು ಯಾರೂ ಇಲ್ಲ. ಅಲ್ಲಿ ನಿಜವಾದ ಮಾತು ಇಲ್ಲಿ ನೆಪವಾಗುತ್ತದೆ. ಈ ಗೆರೆ ಮಕ್ಕಳಿಗೆ ಕಾಣದಿದ್ದರೆ ನಷ್ಟ ಪಿಕಾಚುವಿಗಲ್ಲ, ಗದ್ದೆಯಲ್ಲಿದ್ದ ಹುಂಜಕ್ಕೆ.

ಇಲ್ಲದ ಪ್ರಾಣಿಯ ಮೇಲಿನ ಹಿಂಸೆಯ ಬಗ್ಗೆ ಕನ್ನಡ ಎಂಟುನೂರು ವರ್ಷಗಳ ಹಿಂದೆಯೇ ಯೋಚಿಸಿದೆ. ಜನ್ನನ ‘ಯಶೋಧರ ಚರಿತೆ’ಯ ಕಾಲ 1209. ಬಲಿ ಕೊಡಲು ಒಪ್ಪದ ಅರಸ ಯಶೋಧರ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಜೀವವಿಲ್ಲ, ರಕ್ತವಿಲ್ಲ, ಪಾಪವೂ ಇಲ್ಲ ಎಂಬ ಲೆಕ್ಕ. ಕತ್ತಿ ಬಿದ್ದಾಗ ಆ ಕೋಳಿ ಕೂಗುತ್ತದೆ. ಮುಂದೆ ತಾಯಿ ಮಗ ಇಬ್ಬರೂ ನಾಯಿ, ನವಿಲುಗಳಿಂದ ಹಿಡಿದು ಕೋಳಿಗಳವರೆಗೆ ಜನ್ಮಜನ್ಮ ತೊಳಲುತ್ತಾರೆ. ಕೊಲ್ಲುವ ಸಂಕಲ್ಪವೇ ಹಿಂಸೆ ಎಂಬುದು ಆ ಕಾವ್ಯದ ಹಿಂದಿರುವ ಜೈನ ದರ್ಶನ. ಗಿರೀಶ ಕಾರ್ನಾಡರು ಅದೇ ಕತೆಯನ್ನು ‘ಹಿಟ್ಟಿನ ಹುಂಜ’ವಾಗಿ ರಂಗಕ್ಕೆ ತಂದರು.

ಜನ್ನನ ಅಳತೆಗೋಲನ್ನು ಹಾಗೆಯೇ ಮಕ್ಕಳ ಆಟಕ್ಕೆ ಹಿಡಿಯುವುದು ಅನ್ಯಾಯ. ಯಶೋಧರ ಹಿಟ್ಟಿನ ಕೋಳಿಯನ್ನು ಕಡಿದದ್ದು ನಿಜವಾದ ಬಲಿಯ ಫಲಕ್ಕಾಗಿ. ಹುಡುಗನಿಗೆ ಅಂಥ ಸಂಕಲ್ಪವಿಲ್ಲ, ಅವನಿಗೆ ಬೇಕಾದದ್ದು ಗೆಲುವು. ಆದರೆ ಆ ಕತೆಯಿಂದ ನಾನು ಹಿಡಿದುಕೊಳ್ಳುವುದು ಶಿಕ್ಷೆಯನ್ನಲ್ಲ, ಕೂಗನ್ನು. ಜೀವವಿಲ್ಲದ್ದು ಎಂದುಕೊಂಡದ್ದು ಕೂಗಿದಾಗ ಕತ್ತಿ ಹಿಡಿದವನಿಗೆ ತಾನೇನು ಮಾಡುತ್ತಿದ್ದೇನೆಂದು ಕೇಳಿಸುತ್ತದೆ. ಒಳ್ಳೆಯ ಕತೆಗಳು ಆ ಕೂಗನ್ನು ಅಡಗಿಸುವುದಿಲ್ಲ.

ಪೋಕೆಮಾನ್ ಕೂಡ ಕೆಲವು ಸಲ ಕೂಗಗೊಟ್ಟಿದೆ. 1998ರ ಮೊದಲ ಚಲನಚಿತ್ರದ ಮ್ಯೂಟು ಪ್ರಯೋಗಾಲಯದಲ್ಲಿ ಹುಟ್ಟಿಸಿದ ಜೀವಿ. ತನ್ನನ್ನು ಕಾದಾಟದ ಸರಕಾಗಿ ಬಳಸಿದವನ ವಿರುದ್ಧವೇ ಅದು ತಿರುಗಿ ಬೀಳುತ್ತದೆ. ಕೊನೆಯಲ್ಲಿ ಮೂಲ ಜೀವಿಗಳೂ ಅವುಗಳ ತದ್ರೂಪಿಗಳೂ ಸುಸ್ತಾಗಿ ಬೀಳುವವರೆಗೆ ಹೊಡೆದಾಡುತ್ತವೆ. ಆ ಗದ್ದಲದ ನಡುವೆ ಪಿಕಾಚುವಿನ ತದ್ರೂಪಿ ಪಿಕಾಚುವಿನ ಕೆನ್ನೆಗೆ ಹೊಡೆಯುತ್ತದೆ, ಮತ್ತೆ ಹೊಡೆಯುತ್ತದೆ. ಪಿಕಾಚು ಕೈ ಎತ್ತುವುದಿಲ್ಲ. ಹೊಡೆತ ತಿನ್ನುತ್ತ ಸುಮ್ಮನೆ ನಿಲ್ಲುತ್ತದೆ. ಕಾದಾಟವನ್ನೇ ಉಸಿರಾಗಿಸಿಕೊಂಡ ಈ ಸರಣಿಯಲ್ಲಿ ನನಗೆ ಅತ್ಯಂತ ಧೀರವಾಗಿ ಕಂಡದ್ದು ಆ ಸುಮ್ಮನಿರುವಿಕೆ.

2010ರ ಬ್ಲ್ಯಾಕ್ ಮತ್ತು ವೈಟ್ ಆವೃತ್ತಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಪ್ರಾಣಿಗಳ ಮಾತು ಕೇಳಬಲ್ಲ ‘ಎನ್’ ಎಂಬ ಯುವಕ ಅಲ್ಲಿ ಬಂದು, ಇವುಗಳನ್ನು ಮನುಷ್ಯರಿಂದ ಬಿಡಿಸಬೇಕು ಎನ್ನುತ್ತಾನೆ. ಆಟದ ಬುಡಕ್ಕೇ ಕೈಹಾಕುವ ಪ್ರಶ್ನೆ. ಆದರೆ ಉತ್ತರದ ಹೊತ್ತಿಗೆ ಆಟ ಹಿಂಜರಿಯಿತು. ಎನ್‌ನ ಬಾಯಲ್ಲಿ ಬಿಡುಗಡೆಯ ಮಾತಾಡಿಸಿದ ಗೆಟ್ಸಿಸ್ ಎಂಬವನು ಒಬ್ಬ ಮೋಸಗಾರ. ಉಳಿದವರೆಲ್ಲ ಪ್ರಾಣಿಗಳನ್ನು ಬಿಟ್ಟರೆ ತಾನೊಬ್ಬನೇ ಇಟ್ಟುಕೊಂಡು ಆಳಬಹುದು ಎಂಬುದು ಅವನ ಸಂಚು ಎಂದು ಬಯಲಾಗುತ್ತದೆ. ಕೇಳಿಸಿದವನು ಕಳ್ಳನಾದ ಕೂಡಲೇ ಪ್ರಶ್ನೆಯೂ ಸುಳ್ಳಾಯಿತು ಎಂಬಂತೆ ಕತೆ ಮುಗಿಯುತ್ತದೆ. ನಮ್ಮ ಸಾರ್ವಜನಿಕ ಚರ್ಚೆಗಳಲ್ಲೂ ಇದು ದಿನನಿತ್ಯದ ದಾರಿ: ಹೇಳಿದವನ ಜಾತಕ ತೆಗೆದರೆ ಹೇಳಿದ್ದಕ್ಕೆ ಉತ್ತರಿಸಬೇಕಿಲ್ಲ.

ಆಟ ತಯಾರಿಸುವವರಿಂದ ನಾನು ಬಯಸುವುದು ನಿಷೇಧವನ್ನಲ್ಲ. ಪ್ರಾಣಿಗೆ ‘ಒಲ್ಲೆ’ ಎನ್ನುವ ಅವಕಾಶ ಕೊಡಲಿ. ಈಗಲೂ ಅವು ಕೆಲವೊಮ್ಮೆ ಮಾತು ಕೇಳುವುದಿಲ್ಲ. ಬೇರೆಯವರಿಂದ ಪಡೆದ ಬಲಿಷ್ಠ ಪ್ರಾಣಿ, ಯಜಮಾನನ ಬಳಿ ಪಂದ್ಯ ಗೆದ್ದು ಪಡೆಯುವ ಬ್ಯಾಡ್ಜ್‌ಗಳು ಸಾಕಷ್ಟು ಇಲ್ಲದಿದ್ದರೆ ತಿರುಗಿ ಮಲಗುತ್ತದೆ. ಆದರೆ ಅದನ್ನು ಆಟ ಯಜಮಾನನ ಯೋಗ್ಯತೆಯ ಕೊರತೆಯೆಂದು ಓದುತ್ತದೆಯೇ ಹೊರತು ಪ್ರಾಣಿಯ ಇಚ್ಛೆಯೆಂದಲ್ಲ. ಇನ್ನೊಂದು ಬ್ಯಾಡ್ಜ್ ಗೆದ್ದರೆ ಅದು ಮತ್ತೆ ವಿಧೇಯ. ಅಕ್ಕರೆಯನ್ನು ಎಣಿಸಬಲ್ಲ ಯಂತ್ರಕ್ಕೆ ಅನಿಚ್ಛೆಯನ್ನು ಎಣಿಸುವುದು ಕಷ್ಟವಾಗಲಾರದು.

ದೊಡ್ಡವರ ಕೆಲಸ ಇನ್ನೂ ಸಣ್ಣದು. ಆಟವನ್ನು ಕಿತ್ತುಕೊಳ್ಳದೆ ಪಕ್ಕದಲ್ಲಿ ಕೂತು ಕೇಳಬೇಕು: ಇದಕ್ಕೆ ಇಷ್ಟ ಎಂದು ನಿನಗೆ ಹೇಳಿದವರು ಯಾರು? ಕೇಳಿಸಿಕೊಂಡ ಮಗು ಮುಂದೊಂದು ದಿನ ಗದ್ದೆಯ ಅಂಚಿನಲ್ಲಿ, ಸರ್ಕಸ್ಸಿನ ಡೇರೆಯಲ್ಲಿ, ನಾಯಿಗಳನ್ನು ಕಚ್ಚಾಡಿಸುವ ಮೊಬೈಲ್ ವಿಡಿಯೊದ ಮುಂದೆ ಅದೇ ಪ್ರಶ್ನೆಯನ್ನು ತಾನೇ ಕೇಳಿಕೊಂಡೀತು.

ಊರಿಗೆ ಹೊರಡುವ ಹಿಂದಿನ ರಾತ್ರಿ ಸೋದರಳಿಯ ಮತ್ತೆ ಮೊಟ್ಟೆ ಒಡೆಸುತ್ತಿದ್ದ. ‘ನೀನು ಬಿಟ್ಟ ಮರಿಗಳೆಲ್ಲ ಎಲ್ಲಿಗೆ ಹೋಗ್ತವೆ?’ ಎಂದು ಕೇಳಿದೆ. ಬೆರಳು ತಡೆಯಿತು. ‘ಕಾಡಿಗೆ ಹೋಗ್ತವೆ ಅನ್ನೋ ಥರ ಟಾಟಾ ಹೇಳುತ್ತೆ ಮಾಮ’ ಎಂದ. ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಿದ್ದು, ಮೆಲ್ಲಗೆ ಸೇರಿಸಿದ: ‘ಕಾಡಿಗೇನೂ ಹೋಗಲ್ಲ. ಡಿಲೀಟ್ ಆಗ್ತವೆ. ಆದ್ರೆ ಆಟ ಹಾಗಂತ ಹೇಳಲ್ಲ.’